ಕೊಸರಿನ ಉಸಿರು

ನಿವೃತ್ತನಾಗಿ ಶಿಕಾರಿಪುರದ ಮನೆಗೆ ಬಂದು ಕೂತ ವಾರದಲ್ಲೇ ಎದುರು ಮನೆಯವರು ಕೆಟ್ಟ ಮಿಕ್ಸಿಯೊಂದನ್ನು ತಂದು ನನ್ನ ಜಗುಲಿಯ ಮೇಲೆ ಇಟ್ಟರು. “ಸರ, ನೀವು ಕರೆಂಟಿನ ಕೆಲಸದಾಗಿದ್ರಂತಲ್ರಿ, ಸ್ವಲ್ಪ ನೋಡ್ರಿ” ಎಂದರು. ಅದಾದ ಮೇಲೆ ನಮ್ಮ ಬೀದಿಯ ಟ್ರಾನ್ಸ್‌ಫಾರ್ಮರ್ ಸುಟ್ಟಾಗ ನಾಲ್ಕಾರು ಜನ ಬಾಗಿಲಿಗೇ ಬಂದರು. ನನಗೆ ಫ್ಯೂಸ್ ಹಾಕಲೂ ಬರುವುದಿಲ್ಲ ಎಂದರೆ ಯಾರೂ ನಂಬಲಿಲ್ಲ. ಪಿಂಚಣಿ ಬಂದಿದ್ದೇ ಮನುಷ್ಯನಿಗೆ ಸೊಕ್ಕೂ ಬಂತು ಎಂದುಕೊಂಡು ಹೋದರು. ನಮ್ಮ ಮನೆಯಾಕೆ ಒಳಗಿನಿಂದಲೇ, “ನಿಜ ಹೇಳ್ತಿದಾರ್ರೀ ಅವರು, ನಮ್ಮನಿ ಬಲ್ಬು ಹಾಕಾಕೀನೂ ನಾನೇ” ಎಂದು ಸಾಕ್ಷಿ ನುಡಿದಳು.

ನಾನು ಕರೆಂಟ್ ಕೊಡುತ್ತಿದ್ದದ್ದು ಮನುಷ್ಯರಿಗೆ. ಜಿಲ್ಲಾ ಕೇಂದ್ರದ ಒಂದು ಆಸ್ಪತ್ರೆಯ ಕ್ಯಾನ್ಸರ್ ವಿಭಾಗದಲ್ಲಿ, ರೋಗಿಯನ್ನು ಮೇಜಿನ ಮೇಲೆ ಮಲಗಿಸಿ, ಅಳತೆಗೆ ಸರಿಯಾಗಿ ಜೋಡಿಸಿ, ಹೊರಗೆ ಬಂದು ದಪ್ಪ ಬಾಗಿಲು ಹಾಕಿ, ಗುಂಡಿ ಒತ್ತಿ, ಗಂಟಿನ ಮೇಲೆ ವಿಕಿರಣ ಬಿಡುವ ತಂತ್ರಜ್ಞ ನಾನು. ವಿಕಿರಣ ಎಂಬ ಪದ ನಮ್ಮ ಕಡೆ ಸರ್ಕಾರಿ ಬೋರ್ಡಿನ ಮೇಲೆ ಮಾತ್ರ ಬದುಕಿದೆ. ಶಿಕಾರಿಪುರದಿಂದ ಸೊರಬದವರೆಗೆ ಯಾರನ್ನೇ ಕೇಳಿ, “ಅವರಿಗೆ ಕರೆಂಟ್ ಇಡ್ತಾ ಇದಾರೆ” ಎನ್ನುತ್ತಾರೆ. ಇಡುವವನು ನಾನು, ಬಸವರಾಜಪ್ಪ. ಬರುಬರುತ್ತಾ ಕರೆಂಟ್ ಬಸವರಾಜಪ್ಪನಾದೆ.

ಈ ಕೋರ್ಸು ಮುಗಿಸಿ ಹೊಸದಾಗಿ ಕೆಲಸಕ್ಕೆ ಸೇರುವ ಮಕ್ಕಳು ಈಗಲೂ ಫೋನ್ ಮಾಡಿ, “ಸರ್, ಕೆಲಸ ಹೇಗಿರುತ್ತೆ?” ಎಂದು ಕೇಳುತ್ತಾರೆ. ಪುಸ್ತಕದಲ್ಲಿ ಇರುವುದನ್ನು ಪುಸ್ತಕವೇ ಹೇಳಿಕೊಡುತ್ತದೆ. ಅದರಲ್ಲಿ ಇಲ್ಲದ್ದನ್ನು ಬರೆಯೋಣವೆಂದು ಕೂತಿದ್ದೇನೆ.

ಮೊದಲು ಈ ಕರೆಂಟಿನ ವಿಚಾರವನ್ನೇ ಮುಗಿಸಿಬಿಡುತ್ತೇನೆ. ಹೆಸರು ಹಾಗಿದ್ದ ಮೇಲೆ ಹೆದರಿಕೆಯೂ ಹಾಗೆಯೇ ಇರುತ್ತದೆ. ಒದ್ದೆ ಕೈ ಒರೆಸಿಕೊಂಡು ಬರಬೇಕೇ ಎಂದು ಕೇಳುವವರು, ಕಾಲುಂಗುರ ತೆಗೆಯಬೇಕೇ ಎನ್ನುವವರು ದಿನಕ್ಕೊಬ್ಬರಾದರೂ ಇರುತ್ತಿದ್ದರು. ಪಂಪ್‌ಸೆಟ್ ಇಟ್ಟುಕೊಂಡ ರೈತರೊಬ್ಬರು ನನ್ನನ್ನು ಪಕ್ಕಕ್ಕೆ ಕರೆದು, “ತ್ರೀ ಫೇಸ್ ಇದ್ದಾಗ್ಲೇ ಕರೀರಿ ಸರ, ಸಿಂಗಲ್ ಫೇಸಿನಾಗ ನಮ್ಮನ್ನ ಮಲಗಿಸಬ್ಯಾಡ್ರಿ, ಮೋಟರೇ ಎತ್ತಂಗಿಲ್ಲ ಅದು” ಎಂದು ಕಿವಿಯಲ್ಲಿ ಹೇಳಿದ್ದರು.

ಬಳ್ಳಿಗಾವಿ ಕಡೆಯ ಒಬ್ಬ ಯಜಮಾನರು ಮೊದಲ ದಿನವೇ ಊಟದ ಮಣೆಯೊಂದನ್ನು ಕಂಕುಳಲ್ಲಿ ಇಟ್ಟುಕೊಂಡು ಬಂದರು. ಬೆನ್ನ ಕೆಳಗೆ ಮಣೆ ಹಾಕಿಯೇ ಮಲಗುತ್ತೇನೆ, ಮರದಲ್ಲಿ ಕರೆಂಟ್ ಹರಿಯುವುದಿಲ್ಲ ಎಂದು ಹಟ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುವುದು. ಮಣೆ ಒಳಗೆ ಬಂದರೆ ನಾನು ಹೊರಗೆ ಎಂದುಬಿಟ್ಟೆ. ಆಗ ನಮ್ಮ ವಿಭಾಗ ನಡೆಸುತ್ತಿದ್ದ ಹಿರಿಯ ವೈದ್ಯರನ್ನು ನಾವೆಲ್ಲ ದೊಡ್ಡ ಡಾಕ್ಟ್ರು ಎನ್ನುತ್ತಿದ್ದೆವು. ಅವರು ಬಂದು ಇಬ್ಬರ ಮುಖವನ್ನೂ ನೋಡಿ, “ಯಜಮಾನ್ರೇ, ಕರೆಂಟ್ ಬಿಡೋನು ಇವನು. ಮಣೆ ಮೇಲೆ ನಿಲ್ಲಬೇಕಾದವನೂ ಇವನೇ. ಇವನಿಗೆ ಹೊಡೆದರೆ ತಾನೇ ನಿಮಗೆ ಹೊಡೆಯೋದು?” ಎಂದರು. ಯಜಮಾನರಿಗೆ ಮಾತು ಒಪ್ಪಿಗೆಯಾಯಿತು. ಅವರ ಚಿಕಿತ್ಸೆ ಮುಗಿಯುವವರೆಗೂ ನಾನು ಗುಂಡಿಯ ಮುಂದೆ ಆ ಮಣೆಯ ಮೇಲೆ, ಮದುವೆ ಗಂಡಿನ ಹಾಗೆ ನಿಂತೆ. ನಾನು ಬಾಗಿಲು ಹಾಕುವ ಮುಂಚೆ ಅವರು ಬಗ್ಗಿ ನನ್ನ ಕಾಲು ನೋಡಿಯೇ ಮಲಗುತ್ತಿದ್ದರು.

ಅದು ಕೋಬಾಲ್ಟ್ ಯಂತ್ರದ ಕಾಲ. ಅದರೊಳಗಿನ ಕೋಬಾಲ್ಟು ವರ್ಷ ಕಳೆದಂತೆಲ್ಲ ಸೊರಗುತ್ತದೆ. ಆದ್ದರಿಂದ ಅಷ್ಟೇ ಚಿಕಿತ್ಸೆಗೆ ಮೊದಲಿಗಿಂತ ಹೆಚ್ಚು ಹೊತ್ತು ಮಲಗಿಸಬೇಕು. ನಮ್ಮ ಯಂತ್ರ ಎಷ್ಟು ಮುದಿಯಾಗಿತ್ತೆಂದರೆ ರೋಗಿಗಳು ಅದರ ಕೆಳಗೆ ಒಂದು ನಿದ್ದೆ ತೆಗೆದು ಏಳುತ್ತಿದ್ದರು. ಗಂಟು ಎಲ್ಲಿದೆ ಎಂದು ಚರ್ಮದ ಮೇಲೆ ನೇರಳೆ ಬಣ್ಣದ ಗೆರೆ ಎಳೆದಿರುತ್ತಿದ್ದೆವು. ದಿನವೂ ಆ ಗೆರೆಗೇ ಜೋಡಿಸಬೇಕು. ಒಂದು ದೀಪಾವಳಿಗೆ ರಜೆ ಕೊಟ್ಟೆವು. ನೀರು ತುಂಬುವ ಹಬ್ಬ ಅಲ್ಲವೇ, ಎಲ್ಲರ ಮನೆಯಲ್ಲೂ ಎಣ್ಣೆ ಹಚ್ಚಿ, ಸೀಗೆಪುಡಿ ಹಾಕಿ, ಹಂಡೆ ನೀರಿನಲ್ಲಿ ಉಜ್ಜಿ ಉಜ್ಜಿ ಮೀಸಿ ಕಳಿಸಿದರು. ರಜೆ ಮುಗಿದ ಬೆಳಿಗ್ಗೆ ಬೆಂಚಿನ ಮೇಲೆ ಕೂತಿದ್ದ ಒಬ್ಬರ ಮೈಮೇಲೂ ಒಂದು ಗೆರೆ ಉಳಿದಿರಲಿಲ್ಲ. ಎಲ್ಲರೂ ಹೊಸ ಪಾತ್ರೆಗಳ ಹಾಗೆ ಹೊಳೆಯುತ್ತಿದ್ದರು. ದೊಡ್ಡ ಡಾಕ್ಟ್ರು ತಲೆಯ ಮೇಲೆ ಕೈ ಹೊತ್ತುಕೊಂಡು, “ಇನ್ನು ಮೇಲೆ ಹಬ್ಬಕ್ಕೆ ರಜೆ ಇಲ್ಲ. ಕೊಟ್ಟರೂ ಸ್ನಾನಕ್ಕಿಲ್ಲ” ಎಂದರು. ಗೆರೆಗಳನ್ನೆಲ್ಲ ಮತ್ತೆ ಎಳೆದು ಮುಗಿಸುವಷ್ಟರಲ್ಲಿ ಸಂಜೆಯಾಗಿತ್ತು.

ನನ್ನ ಕೆಲಸದ ಕೊನೆಯ ವರ್ಷಗಳಲ್ಲಿ ಹೊಸ ಯಂತ್ರ ಬಂತು. ಅದರ ಜೊತೆಗೆ ಶೀಜಾ ಮೇಡಂ ಬಂದರು. ವಿಕಿರಣದ ಲೆಕ್ಕವೆಲ್ಲ ನೋಡುವ ಭೌತವಿಜ್ಞಾನಿ ಅವರು, ಕೇರಳದವರು. ನನ್ನ ಮಗಳ ವಯಸ್ಸು, ಆದರೆ ನನಗೆ ಮೇಲಧಿಕಾರಿ. ಬರುವ ಮೊದಲೇ ಪುಸ್ತಕ ಇಟ್ಟುಕೊಂಡು ಕನ್ನಡ ಕಲಿತಿದ್ದರು. ಕಲಿತದ್ದನ್ನು ಎಲ್ಲಿ ಸಿಕ್ಕರೂ ಬಳಸುತ್ತಿದ್ದರು. ಕ್ಯಾಂಟೀನಿನಲ್ಲಿ “ದಯವಿಟ್ಟು ನನಗೆ ಒಂದು ಲೋಟ ಚಹಾವನ್ನು ನೀಡುವಿರಾ?” ಎಂದು ಕೇಳಿದಾಗ ಚಹಾ ಕೊಡುವವನು ಗಾಬರಿಯಾಗಿ ಎದ್ದು ನಿಂತುಬಿಟ್ಟಿದ್ದ.

ಹೊಸ ಯಂತ್ರದ ಗುಟ್ಟನ್ನು ಅವರೇ ನನಗೆ ಹೇಳಿಕೊಟ್ಟರು. ಹಳೆಯ ರೀತಿಯಲ್ಲಿ ಕಿರಣ ಬರುವ ದಾರಿಗೆ ಅಡ್ಡವಾಗಿ ಒಂದು ಲೋಹದ ತುಂಡು ಇರುತ್ತಿತ್ತು. ಅದು ಕಿರಣವನ್ನು ಎಲ್ಲ ಕಡೆ ಸಮ ಮಾಡುತ್ತಿತ್ತು, ಜೊತೆಗೆ ಅರ್ಧಕ್ಕಿಂತ ಹೆಚ್ಚನ್ನು ತಾನೇ ತಿಂದುಹಾಕುತ್ತಿತ್ತು. ಸಣ್ಣ ಗಂಟಿಗೆ ಆ ಸಮತಟ್ಟು ಬೇಕಿಲ್ಲ. ತುಂಡನ್ನು ಸರಿಸಿಬಿಟ್ಟರೆ ಕಿರಣ ಎರಡು ಮೂರು ಪಟ್ಟು ಜೋರಾಗಿ ಬರುತ್ತದೆ. ನಾನು ಅದನ್ನು ಮನೆಯಲ್ಲಿ ಹೇಳಿದಾಗ ನಮ್ಮಾಕೆ, “ನಲ್ಲಿ ಬಾಯಿಗೆ ಕಟ್ಟಿದ ಅರಿವಿ ಬಿಚ್ಚಿದಂಗ, ಅಷ್ಟೇ ಅಲ್ಲ?” ಎಂದಳು. ಅಷ್ಟೇ. ಇಷ್ಟು ಸುಲಭವಾಗಿ ನನಗೆ ಯಾವ ತರಬೇತಿಯಲ್ಲೂ ಯಾರೂ ಹೇಳಿರಲಿಲ್ಲ.

ಹೀಗಾಗಿ ತಿಂಗಳುಗಟ್ಟಲೆ ಚೂರುಚೂರೇ ಕೊಡುವ ಬದಲು, ಸಣ್ಣ ಗಂಟಿಗೆ ಐದೇ ಸಲ ಕೊಟ್ಟು ಮುಗಿಸುವುದು ಸಾಧ್ಯವಾಯಿತು. ಪ್ರತಿ ಸಲವೂ ಏಟು ದೊಡ್ಡದು, ಹೊತ್ತು ಚಿಕ್ಕದು. ಆದರೆ ಎದೆಯ, ಹೊಟ್ಟೆಯ ಒಳಗಿನ ಗಂಟು ಉಸಿರಿನ ಜೊತೆ ಮೇಲೆ ಕೆಳಗೆ ಓಡಾಡುತ್ತಿರುತ್ತದೆ. ಅದನ್ನು ನಿಲ್ಲಿಸಬೇಕಾದರೆ ರೋಗಿ ಉಸಿರು ಎಳೆದು ಹಿಡಿದುಕೊಳ್ಳಬೇಕು. ಹಿಡಿದಷ್ಟು ಹೊತ್ತು ಕಿರಣ ಬಿಡುತ್ತೇವೆ, ಬಿಟ್ಟರೆ ನಿಲ್ಲಿಸುತ್ತೇವೆ. ಹೊಟ್ಟೆಯ ಮೇಲೆ ಒಂದು ಪುಟ್ಟ ಡಬ್ಬಿ ಇಟ್ಟಿರುತ್ತೇವೆ. ಅದು ಏರಿ ಇಳಿಯುವುದನ್ನು ಕ್ಯಾಮೆರಾ ನೋಡಿ ಹೊರಗಿನ ಪರದೆಯ ಮೇಲೆ ಗೆರೆಯಾಗಿ ತೋರಿಸುತ್ತದೆ. ಗೆರೆ ಹಸಿರು ಪಟ್ಟಿಯೊಳಗೆ ಇದ್ದರೆ ಮಾತ್ರ ಕಿರಣ. ಜಾರಿದರೆ ಯಂತ್ರ ತಾನಾಗಿಯೇ ನಿಲ್ಲುತ್ತದೆ. ಇಷ್ಟು ಜಾಣ ಯಂತ್ರ ಬಂದ ಮೇಲೆ ನಮಗೆ ಕೆಲಸವೇ ಇರುವುದಿಲ್ಲ ಎಂದುಕೊಂಡಿದ್ದೆ. ಉಸಿರು ಹಿಡಿಯಿರಿ ಎಂದು ಕನ್ನಡದಲ್ಲಿ ಹೇಳುವ ಕೆಲಸ ಎಷ್ಟು ಕಷ್ಟದ್ದೆಂದು ಆಗ ಗೊತ್ತಿರಲಿಲ್ಲ.

ಈ ರೀತಿಯ ಚಿಕಿತ್ಸೆಗೆ ಮೊದಲು ಬಂದವರಲ್ಲಿ ನಮ್ಮ ಶಿಕಾರಿಪುರದ ಖಾದರ್ ಸಾಹೇಬರೂ ಒಬ್ಬರು. ಮದುವೆ ಬ್ಯಾಂಡಿನಲ್ಲಿ ಕ್ಲಾರಿಯೊನೆಟ್ ಊದುತ್ತಿದ್ದವರು. ಲಿವರಿನಲ್ಲಿ ಸಣ್ಣ ಗಂಟು. ಉಸಿರಿನ ವಿಷಯದಲ್ಲಿ ಇವರಿಗೆ ಹೇಳಿಕೊಡುವುದೇನಿದೆ ಎಂದು ನಾನು ನೆಮ್ಮದಿಯಿಂದಿದ್ದೆ. ಮೈಕಿನಲ್ಲಿ “ಉಸಿರು ತುಂಬ್ಕೊಳ್ರಿ, ಹಿಡೀರಿ” ಎಂದೆ. ಪರದೆಯ ಮೇಲಿನ ಗೆರೆ ಅಲುಗಾಡಲಿಲ್ಲ. ಇನ್ನೂ ಜೋರಾಗಿ ಹೇಳಿದೆ. ಗೆರೆ ಮಲಗೇ ಇತ್ತು. ಕ್ಯಾಮೆರಾದಲ್ಲಿ ಮುಖ ನೋಡಿದರೆ ಸಾಹೇಬರ ಎರಡೂ ಕೆನ್ನೆ ಬಲೂನಿನ ಹಾಗೆ ಉಬ್ಬಿವೆ! ನಾನು ಏರಿಗೆಳೆದರೆ ಅವರು ನೀರಿಗೆಳೆಯುತ್ತಿದ್ದರು. ಒಳಗೆ ಹೋಗಿ, “ಸಾಹೇಬ್ರೇ, ಎದೆಗೆ ತುಂಬ್ಕೊಳ್ರೀ” ಎಂದರೆ, “ಇಷ್ಟು ವರ್ಷ ಕೆನ್ನಿಯಾಗೇ ಇಟ್ಕೊಂಡು ಊದೇನ್ರಿ. ಎದಿಗೆ ಹೋದ ಗಾಳಿ ವಾಪಸ್ ಬರಾಕ ತಡ ಆಗತೈತಿ, ತಾಳ ತಪ್ಪತೈತಿ” ಎಂದರು. ಅವತ್ತಿಗೆ ಸಾಕೆಂದು ಹೊರಗೆ ಕರೆತಂದೆ. ಅಲ್ಲಿ ಕಾಯುತ್ತಿದ್ದ ಗುಡವಿಯ ಒಬ್ಬ ರೋಗಿ, “ಕೆರೇಲಿ ನೀರುಕಾಗೆ ಮುಳುಗ್ತದಲ್ಲ, ಹಂಗೆ ಮುಳುಗಿ ಸಾಬ್ರೇ” ಎಂದು ಬೆಂಚಿನ ಮೇಲೇ ಮಾಡಿ ತೋರಿಸಿದರು. ಸಾಹೇಬರು ಎರಡು ದಿನ ಕ್ಲಾರಿಯೊನೆಟ್ ಮುಟ್ಟದೆ ನೀರುಕಾಗೆಯ ಪಾಠ ಕಲಿತರು. ಮೂರನೆಯ ದಿನ ಗೆರೆ ಹಸಿರು ಪಟ್ಟಿಯಲ್ಲಿ ನೆಟ್ಟಗೆ ನಿಂತಿತು.

ಆ ದಿನಗಳಲ್ಲೇ ಸೊರಬ ತಾಲೂಕಿನ ಉಳವಿಯಿಂದ ಗುತ್ಯಮ್ಮ ಬಂದರು.

ಅರವತ್ತು ದಾಟಿದ ಹೆಂಗಸು. ಗಂಡ ಕೆರಿಯಪ್ಪನ ಜೊತೆ ಒಂದಿಷ್ಟು ಗದ್ದೆ ಮಾಡಿಕೊಂಡು, ಕಾಲಕ್ಕೆ ತಕ್ಕ ಹಾಗೆ ಮಾವಿನಮಿಡಿ, ಸೌತೆಕಾಯಿ, ಬಸಳೆ ಸೊಪ್ಪು ಹೊತ್ತು ಸೊರಬದ ಸಂತೆಯಲ್ಲಿ ಮಾರುವವರು. ಶ್ವಾಸಕೋಶದಲ್ಲಿ ನೆಲ್ಲಿಕಾಯಿಗಿಂತ ಸಣ್ಣ ಗಂಟು, ಬೇರೆಲ್ಲೂ ಹರಡಿರಲಿಲ್ಲ. ಆಪರೇಷನ್ ಮಾಡೋಣವೆಂದರೆ ಹೃದಯ ತಡೆಯುವುದಿಲ್ಲ. ಐದು ಸಲ ಈ ಜೋರು ಕಿರಣ ಕೊಟ್ಟರೆ ಗಂಟು ಸುಟ್ಟುಹೋಗುವ ಅವಕಾಶ ಚೆನ್ನಾಗಿದೆ, ಆದರೆ ನಡುವೆ ಬಿಟ್ಟರೆ ಅರೆಬೆಂದ ಗಂಟು ಮತ್ತೆ ತಲೆ ಎತ್ತುತ್ತದೆ ಎಂದು ವೈದ್ಯರು ಗಂಡ ಹೆಂಡತಿ ಇಬ್ಬರನ್ನೂ ಕೂರಿಸಿ ಹೇಳಿದ್ದರು. ಕೆರಿಯಪ್ಪ ತಲೆಯಾಡಿಸಿದರು. ಗುತ್ಯಮ್ಮ, “ಐದ್ ಅಂದ್ರೆ ಐದು, ಬತ್ತೀನಿ” ಎಂದು ಮಾತು ಕೊಟ್ಟಿದ್ದರು.

ಮೊದಲ ದಿನ ಜೋಡಿಸುವುದಕ್ಕೇ ಬಹಳ ಹೊತ್ತು ಹಿಡಿಯಿತು. ಸ್ಕ್ಯಾನ್ ತೆಗೆದು, ಕೂದಲೆಳೆಯಷ್ಟು ಆಚೆ ಈಚೆ ಸರಿಸಿ, ಉಸಿರು ಹಿಡಿಸಿ, ಮತ್ತೆ ಸ್ಕ್ಯಾನ್ ತೆಗೆದು ನೋಡಿದೆವು. ಕಿರಣ ಬಿಟ್ಟದ್ದು ಮಾತ್ರ ಕೆಲವೇ ಉಸಿರು. ಯಂತ್ರ ಝುಂಯ್ ಎಂದು ಸದ್ದು ಮಾಡಿದ್ದಷ್ಟನ್ನೇ ಗುತ್ಯಮ್ಮ ಲೆಕ್ಕಕ್ಕೆ ಹಿಡಿದರು. ಬಾಗಿಲು ತೆಗೆದು ಒಳಗೆ ಹೋದೊಡನೆ ಕೇಳಿದರು.

“ಆತಾ? ಇಷ್ಟೇನಾ?”

“ಆಯ್ತಮ್ಮಾ.”

“ನಮ್ ವಾರಗಿತ್ತಿಗೆ ತಿಂಗ್ಳುಗಟ್ಲೆ ಇಟ್ಟಿದ್ರು. ದಿನಾ ಒಂದು ನಿದ್ದೆ ತೆಗ್ದು ಏಳೋಳು ಅವಳು. ನನ್ಗೆ ಕಣ್ ಮುಚ್ಚಿ ತೆಗೆಯದ್ರೊಳಗೆ ಮುಗ್ಸಿದ್ರಲ್ಲ! ಕಾರ್ಡಿನ ಮೇಲೆ ಪುಕ್ಸಟ್ಟೆ ಬಂದೋಳು ಅಂತ ಕಮ್ಮಿ ಹಾಕಿದ್ರಾ?”

ಅದು ಹಳೆ ಯಂತ್ರ, ಇದು ಜೋರಿನ ಯಂತ್ರ, ಅಷ್ಟನ್ನೂ ಇದು ಐದೇ ಸಲಕ್ಕೆ ಕೊಡುತ್ತದೆ ಎಂದು ನಲ್ಲಿಯ ಬಟ್ಟೆಯ ಕಥೆಯನ್ನೂ ಸೇರಿಸಿ ಹೇಳಿದೆ. ಅವರು ಸೆರಗು ಸರಿಮಾಡಿಕೊಂಡು ಎದ್ದು, “ಅಳ್ದು ಕೊಟ್ಟಿದ್ದು ನಾನ್ ನೋಡ್ಲಿಲ್ಲ. ಹೋಗ್ಲಿ, ಮೇಲೊಂದು ಕೊಸರಾದ್ರೂ ಹಾಕ್ಬೇಕಾ ಬ್ಯಾಡ್ವಾ?” ಎಂದು ಗೊಣಗುತ್ತಾ ಹೋದರು. ಶೀಜಾ ಮೇಡಂ ನನ್ನ ಹತ್ತಿರ ಬಂದು, “ಬಸವರಾಜಪ್ಪನವರೇ, ಕೊಸರು ಎಂದರೆ ಏನು? ನನ್ನ ಪುಸ್ತಕದಲ್ಲಿ ಇಲ್ಲ” ಎಂದರು. “ಏನಿಲ್ಲ ಮೇಡಂ, ಸಂತೆ ಮಾತು” ಎಂದೆ. ಬೇರೆ ರೋಗಿಗಳು ಕಾಯುತ್ತಿದ್ದರು.

ಎರಡನೆಯ ಸಲ ಬಂದಾಗ ಎಲ್ಲ ಸರಿಯಾಗಿಯೇ ನಡೆಯುತ್ತಿತ್ತು. ಆದರೆ ನಡುವೆ ಕಾರಿಡಾರಿನಲ್ಲಿ ಯಾರೋ ಕೆಸರು ಚಪ್ಪಲಿಯಲ್ಲೇ ಒಳಗೆ ನುಗ್ಗಿದರು. ಚಪ್ಪಲಿ ಕಂಡರೆ ನನಗೆ ಆಗುವುದಿಲ್ಲವೆಂಬುದು ಇಡೀ ಆಸ್ಪತ್ರೆಗೆ ಗೊತ್ತು. ಮೈಕನ್ನು ಮೇಡಂ ಕೈಗೆ ಕೊಟ್ಟು ಜಗಳಕ್ಕೆ ಹೋದೆ. ಮೇಡಂಗೆ ಮೈಕಿನಲ್ಲಿ ಕನ್ನಡ ಮಾತಾಡುವ ಅವಕಾಶ ಸಿಕ್ಕಿದ್ದು ಅದೇ ಮೊದಲು. ಅಂದಿನ ಪಾಲಿನಲ್ಲಿ ಸ್ವಲ್ಪವೇ ಉಳಿದಿತ್ತು, ಇನ್ನೊಂದು ಸಲ ಉಸಿರು ಹಿಡಿದರೆ ಮುಗಿಯಿತು. ಆ ಸಂತೋಷದ ಸುದ್ದಿಯನ್ನು ರೋಗಿಗೂ ತಿಳಿಸೋಣವೆಂದು ಮೇಡಂ, ಅಚ್ಚ ಕನ್ನಡದಲ್ಲಿ, ಒಂದೊಂದೇ ಅಕ್ಷರ ಬಿಡಿಸಿ ಹೇಳಿದರು.

“ಗುತ್ಯಮ್ಮನವರೇ, ಇದು ನಿಮ್ಮ ಕೊನೆಯ ಉಸಿರು. ದಯವಿಟ್ಟು ಚೆನ್ನಾಗಿ ಎಳೆಯಿರಿ.”

ಕಾರಿಡಾರಿನಲ್ಲಿದ್ದ ನನಗೂ ಅದು ಕೇಳಿಸಿತು. ಚಪ್ಪಲಿಯವನ ಕೈಯಲ್ಲಿದ್ದ ಚಪ್ಪಲಿ ಬಿದ್ದುಹೋಯಿತು. ನಾನು ಓಡಿ ಬರುವಷ್ಟರಲ್ಲಿ ಪರದೆಯ ಮೇಲಿನ ಗೆರೆ ಗುಡ್ಡ ಹತ್ತಿ ಕಣಿವೆಗೆ ಬಿದ್ದಿತ್ತು. ಯಂತ್ರ ತಾನಾಗಿಯೇ ನಿಂತಿತ್ತು. ಗುತ್ಯಮ್ಮ ಮೇಜಿನ ಮೇಲೆ ಎದ್ದು ಕೂತು ಎರಡೂ ಕೈ ಎತ್ತಿ ತಾಯಿ ರೇಣುಕಮ್ಮನನ್ನು ಕರೆಯುತ್ತಿದ್ದರು. ಬಾಗಿಲು ತೆರೆದದ್ದೇ ತಡ, ಆಸ್ಪತ್ರೆಯ ಗೌನಿನ ಮೇಲೇ ಸೀರೆ ಸುತ್ತಿಕೊಂಡು ಹೊರಟರು. ಹಿಂದೆ ಕೆರಿಯಪ್ಪ, ಅವರ ಹಿಂದೆ ನಾನು, ನನ್ನ ಹಿಂದೆ “ಏನಾಯಿತು? ವ್ಯಾಕರಣ ತಪ್ಪಾಯಿತೇ?” ಎಂದು ಕೇಳುತ್ತಾ ಮೇಡಂ. ಮೆರವಣಿಗೆ ಗೇಟು ತಲುಪುವುದರೊಳಗೆ ಗುತ್ಯಮ್ಮ ಆಟೊ ಹತ್ತಿಯಾಗಿತ್ತು.

ಕೊನೆಯುಸಿರೆಳೆಯುವುದು ಎಂದರೆ ನಮ್ಮಲ್ಲಿ ಏನರ್ಥ ಎಂದು ವಿವರಿಸಿದಾಗ ಶೀಜಾ ಮೇಡಂ ಮುಖ ಬಿಳಿಚಿಕೊಂಡಿತು. ಆ ದಿನವೆಲ್ಲ ಅವರು ಯಾರ ಜೊತೆಯೂ ಕನ್ನಡ ಮಾತಾಡಲಿಲ್ಲ.

ಮೂರನೆಯ ಸಲದ ದಿನ ಗುತ್ಯಮ್ಮ ಬರಲಿಲ್ಲ. ಫೋನ್ ಮಾಡಿದರೆ ಕೆರಿಯಪ್ಪ ಎತ್ತಿ, “ಬರಲ್ಲ ಅಂತಾಳೆ ಸ್ವಾಮಿ. ನಾನೇನು ಹೊತ್ಕಂಡ್ ಬರ್ಲಾ?” ಎಂದರು. ಹಿಂದಿನಿಂದ ಗುತ್ಯಮ್ಮನ ದನಿ ಕೇಳಿಸುತ್ತಿತ್ತು. “ನನ್ ಉಸ್ರು ಯಾವ್ದು ಕೊನೇದು ಅಂತ ಹೇಳಕ್ಕೆ ಅವಳ್ಯಾರಂತೆ?” ವೈದ್ಯರು ಬೇಗ ಕರೆಸಿ, ತಡವಾದರೆ ಕೊಟ್ಟದ್ದೂ ನೀರುಪಾಲು ಎಂದರು. ಮೇಡಂ ತಾನೇ ಹೋಗಿ ಕ್ಷಮೆ ಕೇಳುತ್ತೇನೆ ಎಂದು ಹಟ ಹಿಡಿದರು. ಮರುದಿನ ಸೊರಬದ ಸಂತೆ, ಮಿಡಿಯ ಕಾಲ. ಕಾಯಿಲೆ ಏನೇ ಇರಲಿ ಗುತ್ಯಮ್ಮ ಸಂತೆ ಬಿಡುವವರಲ್ಲ ಎಂದು ನನಗೆ ಗೊತ್ತಿತ್ತು. ನಾನು ಮೇಡಂ ಅವರನ್ನು ಕರೆದುಕೊಂಡು ಶಿಕಾರಿಪುರಕ್ಕೆ ಬಂದೆ. ಬಸ್ ನಿಲ್ದಾಣದಲ್ಲಿ ಖಾದರ್ ಸಾಹೇಬರು ಸಿಕ್ಕಿದರು. ವಿಷಯ ಕೇಳಿ, “ಉಳವಿ ಕೆರಿಯಪ್ಪನ ಮಗಳ ಮದುವಿಗೆ ನಾವೇ ಊದಿದ್ದು. ನಡೀರಿ, ನಾನೂ ಬರ್ತೀನಿ” ಎಂದು ಹತ್ತಿಯೇಬಿಟ್ಟರು. ಮೂವರೂ ಶಿರಾಳಕೊಪ್ಪದ ಮೇಲೆ ಸೊರಬಕ್ಕೆ ಹೋದೆವು.

ಗುತ್ಯಮ್ಮ ಸಂತೆಯ ಒಂದು ಮೂಲೆಯಲ್ಲಿ ಗೋಣಿ ಹಾಸಿಕೊಂಡು, ಮಾವಿನಮಿಡಿಯ ರಾಶಿಯ ಹಿಂದೆ ಕೂತಿದ್ದರು. ನಮ್ಮನ್ನು ನೋಡಿದವರೇ ಮುಖ ತಿರುಗಿಸಿದರು. ಸಾಹೇಬರು ಮುಂದೆ ಹೋಗಿ ಕುಕ್ಕರಗಾಲಲ್ಲಿ ಕೂತರು.

“ಅಕ್ಕಾ, ಗುರ್ತು ಸಿಗ್ತೇನು? ನಿಮ್ಮ ಹುಡುಗಿ ಮದುವ್ಯಾಗ ಊದಿದಾಂವ.”

“ಸಾಬ್ರಾ! ನಿಮ್ಮನ್ನ ಮರೀತೀನಾ? ಬೀಗ್ರು ಸಾಕು ಅಂದ್ರೂ ಬಿಡ್ದಂಗೆ ಊದಿದ್ರಲ್ಲ” ಎಂದು ಗುತ್ಯಮ್ಮ ನಕ್ಕರು. ಆಮೇಲೆ ನನ್ನ ಕಡೆ ತಿರುಗಿ ನಗು ನಿಲ್ಲಿಸಿದರು. “ನಿಮ್ ಹತ್ರ ಮಾತಿಲ್ಲ ಸ್ವಾಮಿ.”

“ಅಮ್ಮಾ, ಇವರು ಕೇರಳದವರು. ಅಪಶಕುನದ ಮಾತು ಅಂತ ಇವರಿಗೆ ಗೊತ್ತಾಗಲಿಲ್ಲ.”

“ಯಾಕೆ, ಕೇರಳದಾಗೆ ಯಾರೂ ಸಾಯಲ್ವಾ?”

ಗುತ್ಯಮ್ಮ ಒಂದು ಮಿಡಿಯ ತೊಟ್ಟು ಮುರಿದು ಮೂಸಿ ನೋಡಿ ಕೆಳಗಿಟ್ಟರು. ಆಮೇಲೆ ದನಿ ತಗ್ಗಿಸಿ ಹೇಳಿದರು. “ಹೆದ್ರಿಕೆ ಆತು ಸ್ವಾಮಿ. ನೀವೆಲ್ಲ ಭಾಷೆ ಬರೋರು, ನಿಜ ಇದ್ದಿದ್ದನ್ನ ಮುಚ್ಚಿಟ್ಟು ನಯವಾಗಿ ಮಾತಾಡ್ತೀರಿ. ಪಾಪ ಇವ್ರಿಗೆ ಮುಚ್ಚಿಡಕ್ಕೆ ಬರಲ್ಲ, ಬಾಯ್ತಪ್ಪಿ ನಿಜಾನೇ ಬಂದೋತು ಅಂದ್ಕಂಡೆ. ಸಾಯೋದಾದ್ರೆ ಆ ಮೆಷಿನ್ನಿನ ಕೆಳಗೆ ಒಬ್ಳೇ ಯಾಕೆ ಸಾಯ್ಲಿ, ಮನೇಲಿ ಸಾಯ್ತೀನಿ ಅಂತ ಎದ್ದು ಬಂದೆ.”

ಇಷ್ಟು ವರ್ಷ ಆ ದಪ್ಪ ಬಾಗಿಲು ಹಾಕುತ್ತಾ ಬಂದ ನಾನು, ಒಳಗೆ ಒಬ್ಬರೇ ಉಳಿಯುವವರ ಹೆದರಿಕೆಯನ್ನು ಹೀಗೆ ಬಿಚ್ಚಿ ಹೇಳಿದ್ದನ್ನು ಕೇಳಿರಲಿಲ್ಲ. ನನ್ನ ಕಣ್ಣು ತೇವವಾಯಿತು.

ಅಷ್ಟರಲ್ಲಿ ಗಿರಾಕಿಯೊಬ್ಬಳು ಬಂದು ನೂರು ಮಿಡಿ ಕೇಳಿದಳು. ಗುತ್ಯಮ್ಮ ಐದೈದೇ ಎಣಿಸಿ ಚೀಲಕ್ಕೆ ಹಾಕಿದರು. ನೂರಾದ ಮೇಲೆ ಗಿರಾಕಿ ಚೀಲದ ಬಾಯಿ ಮುಚ್ಚಲಿಲ್ಲ, ಹಾಗೇ ಹಿಡಿದು ನಿಂತಳು. ಗುತ್ಯಮ್ಮ ಇನ್ನೊಂದು ಬೊಗಸೆ ತುಂಬಿ ಹಾಕಿ, “ತಗಾ, ಕೊಸರು” ಎಂದರು. ಆಗ ಚೀಲದ ಬಾಯಿ ಮುಚ್ಚಿತು.

ಶೀಜಾ ಮೇಡಂ ಇದನ್ನು ಬಿಟ್ಟ ಕಣ್ಣು ಬಿಟ್ಟ ಹಾಗೆ ನೋಡುತ್ತಿದ್ದರು. “ಓಹೋ, ಇದೇನಾ ಕೊಸರು?” ಎಂದು ಸಾಹೇಬರನ್ನು ಕೇಳಿದರು.

“ಹೌದ್ರಿ ಮೇಡಂ. ಎಣಿಸಿದ್ದು ವ್ಯಾಪಾರ, ಮ್ಯಾಲ ಹಾಕಿದ್ದು ಕೊಸರು. ಅದಿಲ್ಲಂದ್ರ ಗಿರಾಕಿಗೆ ಮೋಸ ಆದಂಗ ಅನಸತೈತಿ. ಕೊಸರು ಬಿಟ್ಟು ಹೋಗೋ ಹೆಣ್ಮಗಳು ಈ ಸಂತ್ಯಾಗ ಹುಟ್ಟಿಲ್ಲ ನೋಡ್ರಿ.”

ನಾನು ಮೆಲ್ಲಗೆ, “ಮೇಡಂ, ನಾವೂ ಒಂದಿಷ್ಟು ಕೊಸರು ಹಾಕ್ತೀವಿ ಅಂದುಬಿಡಿ, ಬರ್ತಾರೆ” ಎಂದೆ. ಮೇಡಂ ನನ್ನನ್ನು ಗದರಿಸುವ ಹಾಗೆ ನೋಡಿದರು. “ಹೇಗೆ ಹೇಳಲಿ? ಲೆಕ್ಕಕ್ಕಿಂತ ಒಂದು ಚೂರೂ ಹೆಚ್ಚು ಕೊಡಬಾರದು. ನಾನು ಸುಳ್ಳು ಹೇಳುವುದಿಲ್ಲ.” ಇಷ್ಟು ದೂರ ಬಂದದ್ದು ದಂಡವಾಯಿತು ಎಂದು ನಾನು ಬಸ್ಸಿನ ಹೊತ್ತು ಯೋಚಿಸತೊಡಗಿದೆ. ಮೇಡಂ ಮಾತ್ರ ಆ ಮಿಡಿಯ ರಾಶಿಯನ್ನೇ ನೋಡುತ್ತಾ ನಿಂತಿದ್ದರು. ಇದ್ದಕ್ಕಿದ್ದ ಹಾಗೆ ಗುತ್ಯಮ್ಮನ ಎದುರು ಗೋಣಿಯ ಅಂಚಿನಲ್ಲಿ ಕೂತರು.

“ಅಮ್ಮಾ, ನನ್ನದು ತಪ್ಪು ಮಾತು. ಕ್ಷಮಿಸಿ. ಅದು ಕೊನೆಯ ಉಸಿರಲ್ಲ. ಆ ದಿನದ ಪಾಲಿನಲ್ಲಿ ಸ್ವಲ್ಪ ಉಳಿದಿತ್ತು. ಅದು ನಿಮ್ಮ ಕೊಸರು. ನೀವು ಅದನ್ನು ನಮ್ಮಲ್ಲಿಯೇ ಬಿಟ್ಟು ಬಂದಿರಿ.”

ಗುತ್ಯಮ್ಮನ ಕೈ ಮಿಡಿಯ ಮೇಲೆ ನಿಂತಿತು.

“ಕೊಸರಾ? ನಂದಾ?”

“ನಿಮ್ಮದೇ. ಬೇರೆಯವರಿಗೆ ಕೊಡಲು ಬರುವುದಿಲ್ಲ.”

“ಎಷ್ಟೈತೆ?”

“ಸ್ವಲ್ಪವೇ ಇದೆ. ಆದರೆ ಇದೆ.”

ಗುತ್ಯಮ್ಮ ನನ್ನ ಮುಖ ನೋಡಿದರು. ನಾನು ಹೌದೆಂದು ತಲೆಯಾಡಿಸಿದೆ. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಉಳಿದ ಆ ಪಾಲನ್ನು ಹೇಗೆ ಸೇರಿಸಿಕೊಡಬೇಕೆಂದು ವೈದ್ಯರೂ ಮೇಡಮ್ಮೂ ಲೆಕ್ಕ ಹಾಕಿ ಇಟ್ಟಿದ್ದರು. ಗುತ್ಯಮ್ಮ ಸಾಹೇಬರನ್ನೂ ಒಮ್ಮೆ ನೋಡಿದರು.

“ನನಗೂ ಹಿಂಗ ಬ್ಯಾಗ ಬ್ಯಾಗ ಇಟ್ಟು ಕಳಿಸ್ಯಾರಕ್ಕಾ. ಚೂರು ಊದಿದ್ರೂ ಜೋರು ಊದ್ತಾರ ಇವರು” ಎಂದರು ಸಾಹೇಬರು.

“ಮೊದ್ಲೇ ಹಿಂಗಂತ ಹೇಳಕ್ಕೇನಾಗಿತ್ತು?” ಎಂದು ಗುತ್ಯಮ್ಮ ಮೇಡಂ ಮೇಲೆ ರೇಗಿದರು. “ನಂದು ಅಂದ್ಮೇಲೆ ಬಿಡಾದೆಂಗೆ? ನಾಳೆ ಬತ್ತೀನಿ.” ಆಮೇಲೆ ಮೇಡಂಗೆ ಒಂದು ನೂರು ಮಿಡಿ ಎಣಿಸಿಕೊಟ್ಟರು. ಕೊಸರು ಹಾಕುವಾಗ ಬೊಗಸೆ ಸ್ವಲ್ಪ ಸಣ್ಣದೇ ಮಾಡಿದರು. ಸಿಟ್ಟು ಪೂರ್ತಿ ಇಳಿದಿರಲಿಲ್ಲ.

ಮಾತಿನಂತೆ ಮರುದಿನ ಬಂದು, ಬಿಟ್ಟುಹೋಗಿದ್ದ ಪಾಲನ್ನು ಮೊದಲು ತೆಗೆದುಕೊಂಡರು. ಮೂರು, ನಾಲ್ಕು ಎಂದು ಒಂದೊಂದೇ ಸಲ ಮುಗಿಯಿತು. ಐದನೆಯ ಸಲ, ಎಲ್ಲ ಮುಗಿದು ಒಂದು ಉಸಿರು ಉಳಿದಾಗ ನಾನೇ ಮೈಕನ್ನು ಮೇಡಂ ಕೈಗೆ ಕೊಟ್ಟೆ. ಅವರು ಗಂಟಲು ಸರಿಮಾಡಿಕೊಂಡು, “ಗುತ್ಯಮ್ಮಾ, ತಗೊಳ್ಳಿ, ಕೊಸರು” ಎಂದರು. ಒಳಗೆ ಗುತ್ಯಮ್ಮನಿಗೆ ನಗು ತಡೆಯಲಾಗಲಿಲ್ಲ. ಹೊಟ್ಟೆಯ ಮೇಲಿನ ಡಬ್ಬಿ ಕುಣಿಯಿತು, ಗೆರೆ ಹುಚ್ಚೆದ್ದು ಓಡಾಡಿತು, ಯಂತ್ರ ನಿಂತೇ ಹೋಯಿತು. “ನಗಿಸ್ಬ್ಯಾಡಿ ಮೇಡಮ್ಮೋರೇ, ಕೊಸರು ಚೆಲ್ತದೆ” ಎಂದು ಒಳಗಿನಿಂದ ಕೂಗು. ಅವರು ನಕ್ಕು ಮುಗಿಸುವವರೆಗೆ ಕಾದೆವು. ಆಮೇಲೆ ಉಸಿರು ಎಳೆದರು ನೋಡಿ, ಗೆರೆ ಹಸಿರು ಪಟ್ಟಿಯಲ್ಲಿ ಗೂಟ ಹೊಡೆದ ಹಾಗೆ ನಿಂತಿತು.

ಅಲ್ಲಿಂದ ಮುಂದೆ ನಮ್ಮ ವಿಭಾಗದಲ್ಲಿ ಕೊನೆಯ ಉಸಿರು ಎಂಬ ಮಾತೇ ಹೋಯಿತು. ಎಲ್ಲರಿಗೂ ಕೊಸರು. ಸಂತೆ ಕಾಣದ ಮೇಷ್ಟ್ರುಗಳಿಗೂ, ಬ್ಯಾಂಕಿನವರಿಗೂ ಕೊಸರು. ಈಗ ಧ್ವನಿ ಮುದ್ರಿಸಿದ ಹೊಸ ಯಂತ್ರ ಬಂದಿದೆಯಂತೆ, ಹೆಣ್ಣು ದನಿಯೊಂದು ಒಂದೇ ರಾಗದಲ್ಲಿ ಎಳೆಯಿರಿ, ಹಿಡಿಯಿರಿ, ಬಿಡಿ ಎನ್ನುತ್ತದಂತೆ. ಮಕ್ಕಳೇ, ಅದನ್ನು ನಂಬಿ ಕೂರಬೇಡಿ. ಒಳಗೆ ಮಲಗಿದವರಿಗೆ ಕೇಳಿಸುವುದು ನಿಮ್ಮ ದನಿಯೊಂದೇ. ಯಂತ್ರ ತಪ್ಪಿದರೆ ತಾನಾಗಿ ನಿಲ್ಲುತ್ತದೆ, ಮಾತು ತಪ್ಪಿದರೆ ಸೊರಬದ ಸಂತೆಯವರೆಗೆ ಹೋಗಬೇಕಾಗುತ್ತದೆ.

ಖಾದರ್ ಸಾಹೇಬರು ಈಗಿಲ್ಲ. ನಾವು ಸುಟ್ಟ ಗಂಟು ಮತ್ತೆ ಏಳಲಿಲ್ಲ, ಆದರೆ ಬೇರೆ ಕಡೆ ಹೊಸದು ಎದ್ದಿತು. ಅದರ ಮುಂದೆ ನಮ್ಮ ಯಂತ್ರದ ಆಟ ನಡೆಯಲಿಲ್ಲ. ನಡುವೆ ಸಿಕ್ಕ ಎರಡು ಮದುವೆ ಕಾಲ ಅವರು ಬಿಡದೆ ಊದಿದರು. ನಮ್ಮ ಬೀದಿಯಲ್ಲಿ ದಿಬ್ಬಣ ಹೋದರೆ ನಾನು ಈಗಲೂ ಜಗುಲಿಗೆ ಬಂದು ಕ್ಲಾರಿಯೊನೆಟ್ಟಿನವರ ಕೆನ್ನೆ ನೋಡುತ್ತೇನೆ. ಅವರಂತೆ ಉಬ್ಬಿಸುವವರು ಯಾರೂ ಕಾಣಲಿಲ್ಲ. ಅವರ ನೆನಪಾದರೆ ದುಃಖವಾಗುತ್ತದೆ, ಕೆನ್ನೆ ನೆನಪಾದರೆ ನಗು ಬರುತ್ತದೆ. ಎರಡೂ ಒಟ್ಟಿಗೇ ಬರುತ್ತವೆ.

ಈ ಸಲದ ಮಿಡಿಯ ಕಾಲದಲ್ಲಿ ನಮ್ಮಾಕೆ ಉಪ್ಪಿನಕಾಯಿಗೆಂದು ನನ್ನನ್ನು ಸೊರಬದ ಸಂತೆಗೆ ಕಳಿಸಿದಳು. ಅದೇ ಮೂಲೆಯಲ್ಲಿ, ಅದೇ ಗೋಣಿಯ ಮೇಲೆ ಗುತ್ಯಮ್ಮ ಕೂತಿದ್ದರು. ಕೂದಲು ಪೂರ್ತಿ ನೆರೆತಿದೆ. ದನಿ ಹಾಗೆಯೇ ಇದೆ. ಕೊನೆಯ ಸ್ಕ್ಯಾನಿನಲ್ಲೂ ಏನೂ ಕಾಣಲಿಲ್ಲವೆಂದು ಶೀಜಾ ಮೇಡಂ ಫೋನ್ ಮಾಡಿ ಹೇಳಿದರಂತೆ, ಮೇಡಂ ಈಗ “ಹೆಂಗಿದೀರಾ” ಅಂತ ನಮ್ಮ ಹಾಗೇ ಮಾತಾಡುತ್ತಾರೆ ಎಂದರು ಗುತ್ಯಮ್ಮ. ಮಿಡಿ ಎಣಿಸುತ್ತಾ ನನ್ನ ಮನೆಯ ಯೋಗಕ್ಷೇಮ ಕೇಳಿದರು. ಬಿಸಿಲಲ್ಲಿ ಕೂತು ಐದೈದೇ ಎಣಿಸುವ ಆ ಕೈಗಳನ್ನು ನೋಡುತ್ತಾ ನನಗೆ ಮನಸ್ಸು ತುಂಬಿ ಬಂತು.

“ಗುತ್ಯಮ್ಮಾ, ಅವತ್ತು ನೀವು ಬರದೇ ಇದ್ದಿದ್ದರೆ! ಆಮೇಲಿನ ಈ ವರ್ಷಗಳೆಲ್ಲ ದೇವರು ಹಾಕಿದ ಕೊಸರೇ ಅಲ್ಲವಾ?” ಎಂದೆ.

ಗುತ್ಯಮ್ಮ ಎಣಿಕೆ ನಿಲ್ಲಿಸಿ ನನ್ನನ್ನು ಮರುಕದಿಂದ ನೋಡಿದರು.

“ಇಷ್ಟು ವರ್ಷ ಕರೆಂಟ್ ಕೊಟ್ರಿ, ವ್ಯಾಪಾರ ಗೊತ್ತಾಗ್ಲಿಲ್ಲ ನಿಮ್ಗೆ. ಕೊಸರೂ ಸೇರ್ಸೇ ಸ್ವಾಮಿ ನಾವು ರೇಟು ಹೇಳೋದು. ಯಾರಾದ್ರೂ ಮನೆಯಿಂದ ತಂದು ಹಾಕ್ತಾರಾ? ಅದು ನನ್ದೇ. ಅವತ್ತು ಬಿಟ್ಟು ಬಂದಿದ್ದೆ, ವಾಪಸ್ ಬಂದು ಇಸ್ಕಂಡೆ.”

ಹಾಗೆಂದು ನೂರು ಮುಗಿಸಿದರು. ನಾನು ಚೀಲದ ಬಾಯಿ ಮುಚ್ಚದೆ ಹಿಡಿದುಕೊಂಡೇ ನಿಂತೆ. ಗುತ್ಯಮ್ಮ ನಕ್ಕು, ಎರಡು ಬೊಗಸೆ ಹಾಕಿದರು.